70 ಪಾಯಿಂಟ್ ಗಾಳಿ

ಸ್ಪ್ರಿಂಗ್ ಎಲ್ಲಿ?

ಕೈಗೆ ಕೊಟ್ಟ ಶಾಕ್ ಅಬ್ಸಾರ್ಬರನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅಪ್ಪನ ಹಳೇ ಸ್ಕೂಟರಿನಿಂದ ಹಿಡಿದು ನನ್ನ ಬೈಕಿನವರೆಗೆ ನಾನು ಕಂಡ ಶಾಕ್‌ಗಳಿಗೆಲ್ಲ ಹಾವು ಸುತ್ತಿದ ಹಾಗೆ ಉಕ್ಕಿನ ಸುರುಳಿ ಇತ್ತು. ಇದಕ್ಕೆ ಇಲ್ಲ! ನುಣ್ಣಗೆ ಹೊಳೆಯುವ ಅಲ್ಯೂಮಿನಿಯಂ ಕೊಳವೆ, ಎರಡು ತುದಿಗೆ ಬೋಲ್ಟು ತೂರಿಸುವ ಎರಡು ಕಣ್ಣು, ಪಕ್ಕದಲ್ಲೊಂದು ಪುಟ್ಟ ವಾಲ್ವ್. ಮುಗಿಯಿತು.

"ಭಾವ, ಇದರ ಸ್ಪ್ರಿಂಗ್ ದಾರೀಲಿ ಎಲ್ಲೋ ಬಿದ್ದುಹೋಗಿದೆ ನೋಡಿ" ಅಂದೆ.

ಭಾವ ನಕ್ಕರು. "ಈಗ ಮೂಗಲ್ಲಿ ಎಳ್ಕೊಂಡೆಯಲ್ಲ ಮಾರಾಯ, ಅದೇ ಇದರ ಸ್ಪ್ರಿಂಗು."

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ದಂಡೆಯ ಡುಲುತ್ ಊರಿನ ಅಂಚಿಗೆ ಅಕ್ಕನ ಮನೆ. ಜನವರಿ ತಿಂಗಳು. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಗ್ಯಾರೇಜಿನೊಳಗೆ ಹೀಟರ್ ಉರಿಯುತ್ತಿದೆ, ನಡುವೆ ನಿಂತಿದೆ ಭಾವನ ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ನಡುವೆ ಬೈಕಿನಂಥ ಸೀಟು, ಹ್ಯಾಂಡಲ್. ಇಲ್ಲಿಯವರ ಬಾಯಲ್ಲಿ ಅದು ಬರೀ 'ಸ್ಲೆಡ್'. ತೀರ್ಥಹಳ್ಳಿಯ ಮಳೆಯಲ್ಲಿ ಬೆಳೆದ ಮನುಷ್ಯನಿಗೆ ಹಿಮದ ಬಂಡಿಯ ಹುಚ್ಚು ಯಾಕೆ ಹಿಡಿಯಿತು ಅಂತ ಕೇಳಬೇಡಿ. ಈ ರಾಜ್ಯದಲ್ಲಿ ಸ್ಲೆಡ್‌ಗೆಂದೇ ಹದ ಮಾಡಿಟ್ಟ ದಾರಿ 20 ಸಾವಿರ ಮೈಲಿಗೂ ಹೆಚ್ಚಿದೆ! ಪೊಲಾರಿಸ್ ಹುಟ್ಟಿದ ರೋಸೋ, ಆರ್ಕ್ಟಿಕ್ ಕ್ಯಾಟ್ ಹುಟ್ಟಿದ ಥೀಫ್ ರಿವರ್ ಫಾಲ್ಸ್, ಎರಡೂ ಇದೇ ರಾಜ್ಯದ ಉತ್ತರದ ಸಣ್ಣ ಊರುಗಳು.

ಆ ದಾರಿಗಳಿಗೆ ಒಂದು ಕಾಯಿಲೆ. ಬೆಳಿಗ್ಗೆ ನುಣ್ಣಗಿದ್ದದ್ದು ನೂರಾರು ಸ್ಲೆಡ್ ಓಡಿದ ಮೇಲೆ ಸಂಜೆಗೆ ಸಾಲು ಸಾಲು ದಿಬ್ಬವಾಗುತ್ತದೆ. ನಮ್ಮ ಕಡೆ ಬಸ್ಸು ಓಡಾಡಿದ ಮಣ್ಣುರಸ್ತೆಯಲ್ಲಿ ಅಲೆ ಅಲೆಯಾಗಿ ಏಳುತ್ತದಲ್ಲ, ಹಾಗೆಯೇ. ಆದರೆ ಇಲ್ಲಿ ಒಂದೊಂದು ಅಲೆ ಮೊಣಕಾಲೆತ್ತರವೂ ಆಗಬಹುದು. ಅದರ ಮೇಲೆ ಕಂಪನಿ ಕೊಟ್ಟ ಉಕ್ಕಿನ ಸ್ಪ್ರಿಂಗಿನಲ್ಲಿ ಓಡಿಸಿ ಓಡಿಸಿ ಸೊಂಟ ಹಿಡಿಸಿಕೊಂಡ ಭಾವ, ಈಗ ಮುಂದಿನ ಎರಡು ಶಾಕ್ ಬಿಚ್ಚಿ ಹೊರಗಿನಿಂದ ಕೊಂಡು ತಂದ ಏರ್ ಶಾಕ್ ಕೂರಿಸಲು ಹೊರಟಿದ್ದರು. ನಾನು ಸ್ಪ್ಯಾನರ್ ಕೊಡುವ ಹುಡುಗ.

ಮೊದಲ ಅಚ್ಚರಿ ತೂಕದ್ದು. ಬಿಚ್ಚಿದ ಹಳೆಯದನ್ನು ಬಲಗೈಯಲ್ಲಿ, ಹೊಸದನ್ನು ಎಡಗೈಯಲ್ಲಿ ಹಿಡಿದೆ. ಬಲಗೈ ಜಗ್ಗಿತು, ಎಡಗೈ ಏನನ್ನೂ ಹಿಡಿದೇ ಇಲ್ಲ ಎಂಬಂತೆ ಮೇಲೆಯೇ ಉಳಿಯಿತು! ಸುರುಳಿಯ ಅಷ್ಟೂ ಉಕ್ಕು ಮಾಯ. ಇನ್ನೂರು ಕಿಲೋ ದಾಟಿದ ಬಂಡಿಯ ಮೂತಿಯನ್ನು, ಅದರ ಮೇಲೆ ಕೂರುವ ಭಾವನನ್ನು, ದಿಬ್ಬಕ್ಕೆ ಹಾರಿ ಬೀಳುವ ಪೆಟ್ಟನ್ನು ಇನ್ನು ಹೊರಬೇಕಾದ್ದು ಈ ಕೊಳವೆಯೊಳಗಿನ ಒಂದು ಲೋಟದಷ್ಟು ಜಾಗದ ಗಾಳಿ. ಒಂದು ಲೋಟ!

ಆಗುತ್ತದೆಯೇ? ಆಗುತ್ತದೆ ಅಂತ ನಮಗೆಲ್ಲ ಎಂಟನೇ ವಯಸ್ಸಿಗೇ ಗೊತ್ತಿತ್ತು. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆ ತಳ್ಳಿದ್ದು ನೆನಪಿದೆಯೇ? ಮೊದಲು ಸಲೀಸು. ಅರ್ಧಕ್ಕೆ ಬಂದಾಗ ಬಿಗಿ. ಕೊನೆಗೆ ಎಷ್ಟು ಭಾರ ಹಾಕಿದರೂ ಜಪ್ಪಯ್ಯ ಅನ್ನದು. ಕೈಬಿಟ್ಟರೆ ಹಿಡಿಕೆ ಚಿಮ್ಮಿ ಮೇಲೆ! ಏರ್ ಶಾಕ್ ಅಂದರೆ ಆ ಆಟವೇ. ಹೆಬ್ಬೆರಳಿನ ಜಾಗಕ್ಕೆ ರಬ್ಬರ್ ಸೀಲು ಬಂದಿದೆ, ಹಿಡಿಕೆಯ ಜಾಗಕ್ಕೆ ಸ್ಕೀ.

ಇದಕ್ಕೆ ಹೆಸರಿಟ್ಟವರು ಯಾರು ಅಂತ ಹುಡುಕಿದರೆ ಇನ್ನೊಂದು ಬೆರಗು ಕಾದಿತ್ತು. 1660ರಲ್ಲಿ ರಾಬರ್ಟ್ ಬಾಯ್ಲ್ ತಮ್ಮ ಪ್ರಯೋಗಗಳ ಪುಸ್ತಕ ಹೊರತಂದರು. ಅದರ ಉದ್ದನೆಯ ಶೀರ್ಷಿಕೆಯಲ್ಲೇ 'ಗಾಳಿಯ ಸ್ಪ್ರಿಂಗ್' ಎಂಬ ಮಾತಿದೆ! 1662ರ ಎರಡನೇ ಮುದ್ರಣದಲ್ಲಿ, ಒಂದು ತುದಿ ಮುಚ್ಚಿದ ಬಾಗಿದ ಗಾಜಿನ ಕೊಳವೆಗೆ ಪಾದರಸ ಸುರಿಯುತ್ತ ಹೋಗಿ, ಗಾಳಿಯ ಜಾಗ ಅರ್ಧವಾದರೆ ಒತ್ತಡ ಎರಡು ಪಟ್ಟಾಗುತ್ತದೆ ಎಂದು ಅಳೆದು ತೋರಿಸಿದರು. ಹೈಸ್ಕೂಲಿನಲ್ಲಿ ಗಿಳಿಪಾಠ ಮಾಡಿದ ಬಾಯ್ಲ್ ನಿಯಮ. ಆ ಪ್ರಯೋಗಗಳಿಗೆ ಗಾಳಿ ಪಂಪು ಕಟ್ಟಿಕೊಟ್ಟ ಸಹಾಯಕ ಯಾರು ಗೊತ್ತೇ? ರಾಬರ್ಟ್ ಹುಕ್. ಮುಂದೆ 1678ರಲ್ಲಿ, ಲೋಹದ ಸ್ಪ್ರಿಂಗ್ ಹಾಕಿದ ಬಲಕ್ಕೆ ತಕ್ಕಷ್ಟೇ ಹಿಗ್ಗುತ್ತದೆ ಎಂಬ ನಿಯಮವನ್ನು ಬಿಡಿಸಿ ಬರೆದ ಅದೇ ಹುಕ್! ಗ್ಯಾರೇಜಿನ ನೆಲದ ಮೇಲೆ ಬಿದ್ದ ಹಳೆಯ ಶಾಕ್ ಹುಕ್ ಅವರದು, ಬೆಂಚಿನ ಮೇಲೆ ಹೊಳೆಯುವ ಹೊಸದು ಬಾಯ್ಲ್ ಅವರದು. ಒಂದೇ ಪ್ರಯೋಗಶಾಲೆಯಲ್ಲಿ ಜೊತೆಗೆ ದುಡಿದ ಇಬ್ಬರು ಮೂರೂವರೆ ಶತಮಾನದ ನಂತರ ಡುಲುತ್‌ನ ಒಂದು ಗ್ಯಾರೇಜಿನಲ್ಲಿ ಮತ್ತೆ ಎದುರುಬದುರು!

ಇಬ್ಬರ ಸ್ವಭಾವ ಬೇರೆ. ಉಕ್ಕಿನ ಸಾಮಾನ್ಯ ಸುರುಳಿ ಮೊದಲ ಇಂಚಿಗೆ ಎಷ್ಟು ಬಲ ಕೇಳುತ್ತದೋ ಮುಂದಿನ ಒಂದೊಂದು ಇಂಚಿಗೂ ಅಷ್ಟಷ್ಟೇ ಹೆಚ್ಚು ಕೇಳುತ್ತದೆ, ಸಂಬಳದವನ ಲೆಕ್ಕದ ಹಾಗೆ. ಗಾಳಿ ಹಾಗಲ್ಲ. ಶುರುವಿಗೆ ಬೀಗರ ಉಪಚಾರ, ಕೊನೆಗೆ ಸಾಲ ಕೊಟ್ಟವನ ಹಟ. ಲೆಕ್ಕ ಹಾಕಿ ನೋಡಿ. ಶಾಕಿನಲ್ಲಿ 70 ಪಾಯಿಂಟ್ ಗಾಳಿ ಇದೆ ಅನ್ನಿ. ನಮ್ಮ ಪಂಕ್ಚರ್ ಅಂಗಡಿಯಲ್ಲಿ ಕಾರಿನ ಟೈರಿಗೆ 30 ಪಾಯಿಂಟ್ ಹಾಕುತ್ತಾರಲ್ಲ, ಅದೇ ಪಾಯಿಂಟ್. ಹೊರಗಿನ ವಾತಾವರಣದ ಸುಮಾರು 15 ಸೇರಿಸಿದರೆ ನಿಜವಾದ ಒತ್ತಡ 85. ದಿಬ್ಬ ಬಡಿದು ಗಾಳಿಯ ಜಾಗ ಅರ್ಧವಾಯಿತೋ, ಗೇಜಿನ ಲೆಕ್ಕದಲ್ಲಿ 155! ಮೂರರಲ್ಲೊಂದು ಪಾಲಾಯಿತೋ, 240! ಗಾಳಿ ಅಮುಕಿದಾಗ ಬಿಸಿಯಾಗಿ ಏರುವ ಒತ್ತಡ ಬೇರೆ. ಸಣ್ಣ ಅಲೆಗೆ ಮೆತ್ತಗೆ, ದೊಡ್ಡ ಹಾರಿಕೆಗೆ ಗೋಡೆ. ಎರಡೂ ಒಂದೇ ಲೋಟದ ಗಾಳಿಯಲ್ಲಿ!

ಈ ಆಸೆ ಇಂದಿನದಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಬಾಬ್ ಫಾಕ್ಸ್ ಮೋಟೊಕ್ರಾಸ್ ಬೈಕುಗಳಿಗೆ ಗಾಳಿಯ ಶಾಕ್ ಮಾಡಲು ಹೊರಟರು. 1976ರಲ್ಲಿ ಕೆಂಟ್ ಹೌವರ್ಟನ್ ಅದನ್ನು ಹಾಕಿದ ಬೈಕಿನಲ್ಲೇ ಅಮೆರಿಕದ 500 ಸಿಸಿ ರಾಷ್ಟ್ರೀಯ ಚಾಂಪಿಯನ್ ಆದರು. ಅದೇ ಫಾಕ್ಸ್ ಹೆಸರಿನ 'ಫ್ಲೋಟ್' ಶಾಕ್‌ಗಳು ಇವತ್ತು ಸ್ಲೆಡ್ ಲೋಕದಲ್ಲಿ ಮನೆಮಾತು.

ಇನ್ನು ಕೂರಿಸುವ ಕೆಲಸ. ನಾಲ್ಕು ಬೋಲ್ಟಿನ ಕೆಲಸ ಅಂದುಕೊಂಡಿದ್ದೆ. ಭಾವ ಮೂರು ಗಂಟೆ ತೆಗೆದುಕೊಂಡರು.

ಸ್ಲೆಡ್ಡಿನ ಮೂತಿ ಎತ್ತಿ ಸ್ಟ್ಯಾಂಡ್ ಕೊಟ್ಟು ಸ್ಕೀಗಳನ್ನು ನೆಲ ಬಿಟ್ಟು ಜೋತುಬೀಳಿಸಿದರು. ಹಳೆಯ ಮತ್ತು ಹೊಸ ಶಾಕ್‌ಗಳನ್ನು ಪಕ್ಕಪಕ್ಕ ಮಲಗಿಸಿ ಕಣ್ಣಿನಿಂದ ಕಣ್ಣಿಗೆ ಟೇಪು ಹಿಡಿದರು. ಉದ್ದ ಸರಿಯೇ? ಒಳಗೆ ಹೋಗುವ ಓಟ ಸರಿಯೇ? ಬುಶ್‌ನ ಅಗಲ ಬ್ರಾಕೆಟ್ಟಿಗೆ ಸರಿಯೇ? ಒಂದು ಕೂದಲು ಸಡಿಲವಿದ್ದರೂ ಲಟಲಟ ಅನ್ನುತ್ತದಂತೆ, ಆಮೇಲೆ ಬೋಲ್ಟಿನ ತೂತೇ ಮೊಟ್ಟೆಯಾಗುತ್ತದಂತೆ.

ಆಮೇಲೆ ಮಾಡಿದ್ದೇ ನನ್ನ ಕಣ್ಣು ತೆರೆಸಿದ್ದು. ಶಾಕ್ ಕೂರಿಸಿ, ಒಂದು ಹನಿ ಗಾಳಿಯನ್ನೂ ಹಾಕದೆ, ಸ್ಕೀಯನ್ನು ಕೆಳಗಿನಿಂದ ಮೇಲಿನವರೆಗೆ ಎತ್ತಿದರು. ಗಾಳಿಯಿಲ್ಲದ ಶಾಕ್ ಸುಮ್ಮನೆ ಮಡಚಿಕೊಂಡಿತು. ಹಾಗೇ ಹಿಡಿದು ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸು ಅಂದರು. ಸುರುಳಿ ಹೋದರೂ ಗಾಳಿಯ ಕೊಳವೆಯ ಹೊಟ್ಟೆ ದಪ್ಪ. ತಿರುವಿನಲ್ಲಿ, ಪೂರ್ತಿ ಕುಗ್ಗಿದ ಸ್ಥಿತಿಯಲ್ಲಿ, ಅದು ಸ್ಕೀಯನ್ನು ಬಂಡಿಗೆ ಹಿಡಿದಿಡುವ 'ಎ-ಆರ್ಮ್' ತೋಳಿಗೆ ಉಜ್ಜಿದರೆ ಅಲ್ಯೂಮಿನಿಯಂ ಸವೆಯುತ್ತದೆ, ಸೀಲು ಹಾಳಾಗುತ್ತದೆ. ಎಡಗಡೆ ಒಂದು ಬೆರಳು ಸಂದು ಸಿಕ್ಕಿತು. ಬಲಗಡೆ ಬ್ರೇಕಿನ ಕೊಳವೆಯೊಂದು ಅಡ್ಡ ಬಂತು. ಅದನ್ನು ಸರಿಸಿ ಕಟ್ಟಿದರು. ಹಳೆಯ ಲಾಕ್‌ನಟ್ಟುಗಳನ್ನು ಡಬ್ಬಕ್ಕೆ ಎಸೆದು ಹೊಸವನ್ನೇ ಹಾಕಿ, ಟಾರ್ಕ್ ವ್ರೆಂಚ್ 'ಟಕ್' ಅನ್ನುವವರೆಗೆ ಬಿಗಿದರು.

ಈಗ ಗಾಳಿ! ಕಂಪ್ರೆಸರ್ ಕಡೆ ಕೈಚಾಚಿದೆ.

"ಅಯ್ಯೋ, ಅದನ್ನ ಮುಟ್ಟಬೇಡ! ಒಂದು ಲೋಟಕ್ಕೆ ಕೆರೆಯ ತೂಬು ಎತ್ತಿದ ಹಾಗಾಗ್ತದೆ."

ಜೇಬಿನಿಂದ ಹೊರಬಂದದ್ದು ಅಂಗೈ ಉದ್ದದ ಶಾಕ್ ಪಂಪು. ಇಷ್ಟು ಪುಟ್ಟದ್ದು 300 ಪಾಯಿಂಟ್ ತನಕ ಏರಿಸಬಲ್ಲದು! ಅದನ್ನು ತಿರುಗಿಸಿ ಕೂರಿಸಿದ ವಾಲ್ವ್ ಶ್ರೇಡರ್ ವಾಲ್ವ್. 1893ರಲ್ಲೇ ಪೇಟೆಂಟ್ ಆದದ್ದು. ನಮ್ಮೂರ ಕಾರು, ಬೈಕುಗಳ ಟೈರಿನಲ್ಲಿ ಇರುವುದೂ ಅದೇ. ಐದಾರು ಸಲ ಒತ್ತುವಷ್ಟರಲ್ಲಿ ಮುಳ್ಳು ಅಲುಗಾಡಿತು. ಶಾಕ್ ಜೀವ ಬಂದ ಹಾಗೆ ಬಿಗಿಯಾಯಿತು. ಎಡಕ್ಕೆ 70, ಬಲಕ್ಕೆ 70. ಪಂಪ್ ಬಿಚ್ಚಿದಾಗ 'ಟುಸ್!' ನಾನು ಹಾರಿಬಿದ್ದೆ.

"ಹೋಯ್ತಾ?"

"ಹೋಗಿದ್ದು ಪೈಪಿನೊಳಗಿನ ಗಾಳಿ. ಶಾಕಿಂದು ಅಲ್ಲೇ ಇದೆ."

ಶಾಕಿನ ಒಳಗಡೆ ಎಣ್ಣೆಯ ಇನ್ನೊಂದು ಕೋಣೆ ಇರುವುದು ಆಗ ತಿಳಿಯಿತು. ಗಾಳಿ ಭಾರ ಹೊರುತ್ತದೆ, ಅಷ್ಟೇ. ಚಿಮ್ಮುವುದನ್ನು ತಡೆಯುವುದು ಎಣ್ಣೆ. ಪಿಸ್ಟನ್ನಿನ ಸಣ್ಣ ಸಂದುಗಳಲ್ಲಿ ಎಣ್ಣೆ ನುಸುಳಬೇಕಾದ್ದರಿಂದಲೇ ಬಂಡಿ ಚೆಂಡಿನ ಹಾಗೆ ಪುಟಿಯದೆ ನಿಲ್ಲುತ್ತದೆ. ಆ ಎಣ್ಣೆ ನೊರೆಯೇಳದಿರಲಿ ಎಂದು ಅದರ ಬೆನ್ನಿಗೆ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ಅದು ಕಾರ್ಖಾನೆಯ ಕೆಲಸ, ಮನೆಯಲ್ಲಿ ಬಿಚ್ಚುವಂಥದ್ದಲ್ಲ.

ಮರುದಿನ ಬೆಳಿಗ್ಗೆ ನಡೆದದ್ದೇ ಈ ಕತೆಯ ಜೀವ.

ಸ್ಲೆಡ್ ರಾತ್ರಿಯಿಡೀ ಹೊರಗೆ ನಿಂತಿತ್ತು. ಹೊರಡುವ ಮುಂಚೆ ಮೂತಿ ಎತ್ತಿ ಪಂಪಿನ ಗೇಜು ಹಾಕಿದೆ. 57! ಇನ್ನೊಂದಕ್ಕೂ ಹಾಕಿದೆ. 57! ಸೋಪಿನ ನೀರು ಹಚ್ಚೋಣ ಅಂದರೆ ಬಾಟಲಿಯಲ್ಲೇ ಹೆಪ್ಪುಗಟ್ಟಿದೆ. ಎರಡೂ ಸೀಲು ಒಂದೇ ರಾತ್ರಿಯಲ್ಲಿ, ಅದೂ ಒಂದೇ ಸಮನೆ, ಸೋರುತ್ತವೆಯೇ? ಮೋಸ ಹೋದೆವು, ಮಾಲು ಕಳಪೆ ಅಂತ ನಾನು ಕೂಗಾಡುತ್ತಿದ್ದರೆ ಭಾವ ಮನೆಯ ಗೋಡೆಯ ಥರ್ಮಾಮೀಟರಿನತ್ತ ಬೆರಳು ತೋರಿಸಿದರು.

ನಿನ್ನೆ ಗಾಳಿ ತುಂಬಿದ್ದು 20 ಡಿಗ್ರಿಯ ಗ್ಯಾರೇಜಿನಲ್ಲಿ. ಈಗ ಮೈನಸ್ 20. ಗಾಳಿ ಒಂದಿಷ್ಟೂ ಆಚೆ ಹೋಗಿಲ್ಲ. ಒಳಗೇ ಮುದುಡಿ ಕೂತಿದೆ! ಸುಮಾರು 85ರ ನಿಜ ಒತ್ತಡ 40 ಡಿಗ್ರಿ ಇಳಿದಾಗ 73ಕ್ಕೆ ಬರುತ್ತದೆ, ಗೇಜಿನಲ್ಲಿ 58. ಮತ್ತೆ ಪಂಪ್ ತಗುಲಿಸಿದಾಗ ಅದರ ಪೈಪು ನುಂಗಿದ್ದು ಇನ್ನೊಂದು ಚೂರು. ಲೆಕ್ಕ ಚುಕ್ತಾ. ಉಕ್ಕಿನ ಸುರುಳಿಗೆ ಜನವರಿಯೂ ಒಂದೇ, ಏಪ್ರಿಲ್ಲೂ ಒಂದೇ. ಈ ಸ್ಪ್ರಿಂಗಿಗೆ ಮಾತ್ರ ಚಳಿಯಾಗುತ್ತದೆ!

ಅಲ್ಲಿಗೆ ಸೆಟ್ಟಿಂಗಿನ ಮೊದಲ ಪಾಠ ಸಿಕ್ಕಿತು: ಎಲ್ಲಿ ಓಡಿಸುತ್ತೀಯೋ ಆ ಚಳಿಯಲ್ಲೇ ಗಾಳಿ ಹಾಕು. ಸ್ಕೀ ನೆಲ ಬಿಟ್ಟಿರಲಿ, ಶಾಕ್ ಪೂರ್ತಿ ನೀಡಿಕೊಂಡಿರಲಿ. ಎರಡೂ ಕಡೆ ಸಮ ಇರಲಿ.

ಮತ್ತೆ 70ಕ್ಕೆ ಏರಿಸಿದೆವು. ಭಾವ ಎರಡೂ ಶಾಕಿನ ಮೈಗೆ ಒಂದೊಂದು ಜಿಪ್ ಟೈ ಸಡಿಲವಾಗಿ ಕಟ್ಟಿದರು. ಶಾಕ್ ಎಷ್ಟು ಮಡಚಿತೋ ಅಷ್ಟು ದೂರ ಅದು ಸರಿದು ಅಲ್ಲೇ ನಿಲ್ಲುತ್ತದೆ. ಸುಳ್ಳು ಹೇಳದ ಸಾಕ್ಷಿ! ಹತ್ತು ಮೈಲಿ ಓಡಿಸಿ ಬಂದಾಗ ಟೈ ಅರ್ಧಕ್ಕೇ ನಿಂತಿತ್ತು, ಭಾವನ ಅಂಗೈ ಕೆಂಪಾಗಿತ್ತು. ಗಾಳಿ ಹೆಚ್ಚು. ಐದು ಪಾಯಿಂಟ್ ಬಿಟ್ಟರು. ಟೈ ಇನ್ನಷ್ಟು ಮುಂದೆ ಹೋಯಿತು. ಇನ್ನೈದು ಬಿಟ್ಟಾಗ ದೊಡ್ಡ ದಿಬ್ಬದಲ್ಲಿ 'ಧಡ್' ಅಂತ ತಳ ಬಡಿಯಿತು, ತಿರುವಿನಲ್ಲಿ ಮೈ ಹೊರಳಿತು. ಮೂರು ಹಾಕಿದರು. ಉಕ್ಕಿನ ಸುರುಳಿಯಾಗಿದ್ದರೆ ಈ ಒಂದೊಂದು ಬದಲಾವಣೆಗೂ ಹೊಸ ಸ್ಪ್ರಿಂಗ್ ಕೊಂಡು, ಬಿಚ್ಚಿ ಕಟ್ಟಬೇಕಿತ್ತು. ಇಲ್ಲಿ ದಾರಿಬದಿಯ ಮರದ ಕೆಳಗೆ, ಗ್ಲೌಸ್ ತೆಗೆದ ಎರಡು ನಿಮಿಷದಲ್ಲಿ, ಒಂದು ಸ್ಪ್ರಿಂಗ್ ಹೋಗಿ ಇನ್ನೊಂದು ಬಂತು!

ಬೆಲೆ ಇಲ್ಲದೆ ಇಲ್ಲ. ಸೀಲಿಗೆ ಧೂಳು, ಮಂಜಿನ ಚೂರು ಆಗದು. ಕಾಲಕಾಲಕ್ಕೆ ಬಿಚ್ಚಿ ತೊಳೆದು ಹೊಸದು ಹಾಕಬೇಕು. ಕಾಡಿನ ನಡುವೆ ಸೀಲು ಕೈಕೊಟ್ಟರೆ ಸ್ಲೆಡ್ ಮೂತಿ ಊರಿ ಕೂರುತ್ತದೆ. ಸುರುಳಿ ಹಾಗೆ ಒಮ್ಮೆಲೇ ಕೈಬಿಡುವುದು ಅಪರೂಪ.

ಕೊನೆಯ ಓಟಕ್ಕೆ ಭಾವ ನನ್ನ ಕೈಗೆ ಹ್ಯಾಂಡಲ್ ಕೊಟ್ಟರು. ದಿಬ್ಬಗಳ ಸಾಲು ಬಂತು, ಹಲ್ಲು ಕಚ್ಚಿದೆ. ಕೆಳಗೆ ಸ್ಕೀಗಳು ಹೊಲಿಗೆ ಮಿಷಿನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಕುಣಿಯುತ್ತಿವೆ, ಹ್ಯಾಂಡಲ್ ಮಾತ್ರ ಕೈಯಲ್ಲಿ ತಣ್ಣಗಿದೆ! ನಿಂತು ಇಳಿದು ಬಗ್ಗಿ ನೋಡಿದೆ. ಟೈ ಕೊನೆಗಿಂತ ಒಂದು ಬೆರಳು ಈಚೆ.

ಮನೆ ಮುಟ್ಟಿದಾಗ ಅಕ್ಕ ಬಾಗಿಲಲ್ಲೇ ಹೇಳಿದಳು: "ನಾಳೆ ಮೈನಸ್ 30 ಅಂತೆ."

ಭಾವ ಬಾಯಿ ತೆರೆಯುವ ಮೊದಲೇ ನಾನು ಅಂದೆ: "ಹಾಗಾದರೆ ಮೂರು ಪಾಯಿಂಟ್ ಇಳೀತದೆ ಭಾವ. ಪಂಪು ಜೇಬಲ್ಲೇ ಇರಲಿ."