ಟೈರಿನೊಳಗಿನ ಸ್ಪಂಜು, ಟೈರಿನೊಳಗಿನ ಅಂಟು

ರೇಡಿಯೋ ನಿಲಯದ ಭಾಷಣದ ಕೊಠಡಿಯನ್ನು ಕಂಡವರು ಅಲ್ಲಿಯ ಗೋಡೆಗಳನ್ನೂ ಗಮನಿಸಿರಬಹುದು. ಬರಿಯ ಗಾರೆಯ ಗೋಡೆಯಾದರೆ ಮಾತು ಅದಕ್ಕೆ ಬಡಿದು ಹಿಂದಿರುಗಿ ಗುಂಯ್‌ಗುಡುತ್ತದೆ. ಅದಕ್ಕೆಂದೇ ಸಣ್ಣ ರಂಧ್ರಗಳುಳ್ಳ ಮೃದುವಾದ ಹೊದಿಕೆಯನ್ನು ಹಾಕಿರುತ್ತಾರೆ. ಇದೇ ಉಪಾಯವನ್ನು ಈಗ ಕೆಲವು ಕಾರುಗಳ ಟೈರಿನೊಳಗೂ ಹೂಡಿದ್ದಾರೆಂದರೆ ನಿಮಗೆ ಅಚ್ಚರಿಯಾದೀತು.

ಟೈರಿಗೂ ರಿಮ್ಮಿಗೂ ನಡುವೆ ಇರುವುದು ಬಳೆಯಂತೆ ಸುತ್ತಿಕೊಂಡ ಗಾಳಿ. ಅದರ ಸುತ್ತಳತೆ 1.7 ಮೀಟರು ಎಂದಿಟ್ಟುಕೊಳ್ಳಿ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ ಈ ಬಳೆಯನ್ನು ಸೆಕೆಂಡಿಗೆ 200 ಸಲ ಸುತ್ತಬಲ್ಲದು. ರಸ್ತೆಯ ಏರುತಗ್ಗು ಟೈರನ್ನು ಕುಟ್ಟಿದಾಗ ಇದೇ ಲೆಕ್ಕದ ಕಂಪನವು ಬಲಗೊಂಡು, ರಿಮ್ಮು ಅಚ್ಚುಗಳ ಮೂಲಕ ಕಾರಿನೊಳಗೆ ಕೇಳಿಸುತ್ತದೆ. ಟೈರಿನ ಒಳಮೈಗೆ ಪಾಲಿಯುರಿಥೇನ್ ಸ್ಪಂಜಿನ ಪಟ್ಟಿಯನ್ನು ಅಂಟಿಸಿದರೆ, ಕಂಪಿಸುವ ಗಾಳಿಯು ಅದರ ರಂಧ್ರಗಳಲ್ಲಿ ತಿಕ್ಕಾಡಿ, ತನ್ನ ಶಕ್ತಿಯನ್ನು ಅತ್ಯಲ್ಪ ಶಾಖವಾಗಿ ಕಳೆದುಕೊಳ್ಳುತ್ತದೆ. ಆ ಒಂದು ಗುಂಯ್‌ಕಾರ ಅಡಗುತ್ತದೆ. ಬೀಸುಗಾಳಿಯ ಸದ್ದು, ಎಂಜಿನ್ನಿನ ಸದ್ದು ಇದ್ದಂತೆಯೇ ಇರುತ್ತವೆ.

ಇನ್ನು ಅಂಟಿನ ಲೇಪದ ಕೆಲಸವೇ ಬೇರೆ. ರಸ್ತೆಗೆ ತಾಗುವ ಭಾಗದ ಒಳಬದಿಯಲ್ಲಿ ಇದನ್ನು ಕೆಲವು ಮಿಲಿಮೀಟರು ದಪ್ಪಕ್ಕೆ ಬಳಿದಿರುತ್ತಾರೆ. ಮೊಳೆ ಹೊಕ್ಕರೆ ಅಂಟು ಅದನ್ನು ತಬ್ಬಿಕೊಳ್ಳುತ್ತದೆ. ಮೊಳೆ ಕಿತ್ತುಬಂದರೆ ಒಳಗಿನ ಗಾಳಿಯ ಒತ್ತಡವೇ ಅಂಟನ್ನು ರಂಧ್ರಕ್ಕೆ ನೂಕಿ ಬಿರಡೆ ಹಾಕುತ್ತದೆ. ಈ ಅಂಟು ತೀರ ತೆಳುವಾದರೆ ನಿಂತ ಕಾರಿನಲ್ಲಿ ಕೆಳಕ್ಕಿಳಿದು ಗುಡ್ಡೆಯಾದೀತು. ತೀರ ಗಟ್ಟಿಯಾದರೆ ರಂಧ್ರಕ್ಕೆ ಹರಿಯದು. ಈ ಹದವನ್ನು ಹಿಡಿಯುವುದೇ ತಯಾರಕರ ಜಾಣ್ಮೆ.

ಸಾಮಾನ್ಯವಾಗಿ ಸುಮಾರು 5 ಮಿಲಿಮೀಟರಿನವರೆಗಿನ ತೂತನ್ನು ಇದು ಮುಚ್ಚಬಲ್ಲದು. ಟೈರಿನ ಪಕ್ಕದ ಗೋಡೆ ಹರಿದರೆ ಇದರಿಂದ ಪ್ರಯೋಜನವಿಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ಗಾಳಿ ಹೋಗದಿರುವುದರಿಂದ ಮೊಳೆ ಚುಚ್ಚಿದ್ದೇ ನಿಮಗೆ ತಿಳಿಯದೆ ಹೋಗಬಹುದು. ತೂತಿನಲ್ಲಿ ನೀರಿಳಿದರೆ ಒಳಗಿನ ಉಕ್ಕಿನ ತಂತಿ ತುಕ್ಕು ಹಿಡಿದೀತು. ಆದುದರಿಂದ ತಿಂಗಳಿಗೊಮ್ಮೆಯಾದರೂ ಗಾಳಿಯ ಒತ್ತಡವನ್ನು ಅಳೆಯಿಸಿ, ಟೈರಿನ ಮೈಯನ್ನು ಕಣ್ಣಾರೆ ನೋಡಿ. ರಿಪೇರಿಗೆ ಕೊಡುವಾಗ ಒಳಗೆ ಯಾವ ಲೇಪವಿದೆಯೆಂದು ಅಂಗಡಿಯವರಿಗೆ ಮೊದಲೇ ಹೇಳಿ. ಸ್ಪಂಜನ್ನಾಗಲಿ ಅಂಟನ್ನಾಗಲಿ ಆ ಜಾಗದಿಂದ ತೆಗೆಯದೆ ಒಳಗಿನಿಂದ ತೇಪೆ ಕೂರದು.

ಸ್ಪಂಜು ಶಬ್ದವನ್ನು ನುಂಗುತ್ತದೆ, ಸೋರುವ ಗಾಳಿಯನ್ನು ತಡೆಯದು. ಅಂಟು ಗಾಳಿಯನ್ನು ತಡೆಯುತ್ತದೆ, ಶಬ್ದವನ್ನು ನುಂಗದು. ಕೊಳ್ಳುವ ಮುನ್ನ ನಿಮಗೆ ಬೇಕಾದುದು ಯಾವುದೆಂದು ತಿಳಿದುಕೊಳ್ಳಿ.