ಹಕ್ಕಿಯಿಂದ ಮನುಷ್ಯನಿಗೆ: ರೋಗದ ದಾರಿಯನ್ನು ಕಲಿಸುವುದು

ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳ ಪಾಠದಲ್ಲಿ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ರೋಗ, ರೋಗಾಣು, ವಾಹಕ ಎಂಬ ಮೂರು ಕಲಂಗಳ ಪಟ್ಟಿ ಬರೆಸುತ್ತಾರೆ. ಪಟ್ಟಿ ಬೇಕು. ಆದರೆ ರೋಗ ದಾಟಿ ಬರುವ ದಾರಿ ಅದರಲ್ಲಿ ಕಾಣುವುದಿಲ್ಲ. ‘ಹಕ್ಕಿಯಿಂದ ಬರುವ ರೋಗ’ ಎಂದಷ್ಟೇ ಕಲಿತ ಮಗುವಿನಲ್ಲಿ ಹಕ್ಕಿಯ ಭಯ ಮಾತ್ರ ಉಳಿಯುತ್ತದೆ. ಅದಕ್ಕಾಗಿ ನಾನು ಫೆರೋ ದ್ವೀಪಗಳ ಉದಾಹರಣೆಯನ್ನು ಬಳಸುತ್ತೇನೆ.

ನಾರ್ವೆ ಮತ್ತು ಐಸ್‌ಲೆಂಡ್ ನಡುವಿನ ಈ 18 ದ್ವೀಪಗಳು ಡೆನ್ಮಾರ್ಕಿಗೆ ಸೇರಿವೆ. ಅಲ್ಲಿನ ಕಡಲಬಂಡೆಗಳಲ್ಲಿ ಫಲ್ಮಾರ್ ಎಂಬ ಹಕ್ಕಿ ಗೂಡು ಮಾಡುತ್ತದೆ. ಅದರ ಕೊಬ್ಬಿದ ಮರಿಗಳನ್ನು ಹಿಡಿದು ತಿನ್ನುವುದು ಅಲ್ಲಿಯ ರೂಢಿ. 1930ರಿಂದ 1938ರವರೆಗೆ ಅಲ್ಲಿ 174 ಜನರಿಗೆ ಗಿಳಿಜ್ವರ, ಅಂದರೆ ಸಿಟ್ಟಕೋಸಿಸ್, ತಗುಲಿತು. ಸುಮಾರು ಐವರಲ್ಲಿ ಒಬ್ಬರು ಸತ್ತರು. ರೋಗ ತಗುಲಿದ ಗರ್ಭಿಣಿಯರಲ್ಲಿ ಶೇ. 80ರಷ್ಟು ಮಂದಿ ಉಳಿಯಲಿಲ್ಲ.

ಇಲ್ಲಿ ಪಾಠ ನಿಲ್ಲಿಸಿ ಕೇಳಬೇಕು: ಮಾಂಸವನ್ನು ಮನೆಮಂದಿಯೆಲ್ಲ ತಿಂದರು, ಕಾಯಿಲೆ ಹೆಚ್ಚಾಗಿ ಹೆಂಗಸರಿಗೇ ಬಂದದ್ದೇಕೆ? ‘ಹೆಂಗಸರಿಗೆ ಶಕ್ತಿ ಕಡಿಮೆ’ ಎಂಬ ಉತ್ತರ ಬಂದರೆ ತಳ್ಳಿಹಾಕದೆ, ಯಾರು ಯಾವ ಕೆಲಸ ಮಾಡುತ್ತಿದ್ದರು ಎಂಬ ಸುಳಿವು ಕೊಡಿ. ಮರಿಗಳ ಪುಕ್ಕ ಕಿತ್ತು ಹಸನು ಮಾಡುತ್ತಿದ್ದವರು ಹೆಂಗಸರು. ಒಣಗಿದ ಹಿಕ್ಕೆ ಮತ್ತು ಪುಕ್ಕದ ದೂಳಿನಲ್ಲಿದ್ದ ಕ್ಲಮಿಡಿಯಾ ಸಿಟ್ಟಾಸಿ ಬ್ಯಾಕ್ಟೀರಿಯಾ ಉಸಿರಿನೊಂದಿಗೆ ಶ್ವಾಸಕೋಶ ಸೇರುತ್ತದೆ. ಹಕ್ಕಿ ಆರೋಗ್ಯವಾಗಿಯೇ ಕಂಡರೂ ರೋಗಾಣುವನ್ನು ಹೊರಹಾಕುತ್ತಿರಬಹುದು. ‘ವಾಹಕ’ ಎಂಬ ಪದದ ಅರ್ಥ ಇಲ್ಲಿ ತಾನಾಗಿ ತಿಳಿಯುತ್ತದೆ.

ಮುಂದಿನ ಪ್ರಶ್ನೆ: ಗಿಳಿಯ ರೋಗ ಕಡಲಹಕ್ಕಿಗೆ ಹೇಗೆ ಬಂತು? ಆ ಕಾಲದಲ್ಲಿ ದಕ್ಷಿಣ ಅಮೆರಿಕದ ಗಿಳಿಗಳು ಹಡಗಿನಲ್ಲಿ ಯುರೋಪಿಗೆ ಮಾರಾಟಕ್ಕೆ ಹೋಗುತ್ತಿದ್ದವು. ದಾರಿಯಲ್ಲಿ ಸತ್ತು ಸಮುದ್ರಕ್ಕೆ ಎಸೆಯಲ್ಪಟ್ಟ ಗಿಳಿಗಳನ್ನು ಫಲ್ಮಾರ್‌ಗಳು ತಿಂದಿರಬಹುದೆಂದು ವಿಜ್ಞಾನಿಗಳು ಊಹಿಸಿದ್ದಾರೆ. ಕಪ್ಪುಹಲಗೆಯಲ್ಲಿ ಇದನ್ನು ‘ಊಹೆ’ ಎಂದೂ, ಪುಕ್ಕ ಕೀಳುವವರಿಗೆ ರೋಗ ಬಂದದ್ದನ್ನು ‘ಗಮನಿಸಿದ್ದು’ ಎಂದೂ ಬೇರೆ ಬೇರೆ ಬರೆಯಿರಿ. ವಿಜ್ಞಾನ ಬೋಧನೆಯಲ್ಲಿ ಈ ಗೆರೆ ಬಹಳ ಮುಖ್ಯ.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳುವ ಬದಲು ಹೀಗೆ ಕೇಳಬಹುದು: ‘ಈ ರೋಗ ತಡೆಯಲು ಹಕ್ಕಿಗಳನ್ನು ಕೊಲ್ಲಬೇಕೆ? ಬೇರೆ ಯಾವ ಕೊಂಡಿಯನ್ನು ಕಡಿಯಬಹುದು?’ ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಒಣ ಹಿಕ್ಕೆಯನ್ನು ನೀರು ಚಿಮುಕಿಸದೆ ಗುಡಿಸಬಾರದು ಎಂದು ಮಕ್ಕಳು ಕಾರಣಸಹಿತ ಹೇಳಿದರೆ ಪಾಠದ ಉದ್ದೇಶ ಈಡೇರಿದಂತೆ.