ಕಾಗದಕ್ಕಿಳಿದ ಹಸೆಗೋಡೆ

ಮಲೆನಾಡಿನ ದೀವರ ಸಮುದಾಯದ ಮದುವೆ ಮನೆಯಲ್ಲಿ ಚಿತ್ರ ಬರೆಯುವ ಜಾಗ ಎರಡು. ಒಂದು ಮದುಮಗಳ ಅಂಗೈ, ಇನ್ನೊಂದು ಹಸೆಗೋಡೆ. ಅಂಗೈಯ ಮದರಂಗಿ ಎರಡು ವಾರದೊಳಗೆ ಮಾಸುತ್ತದೆ. ಗೋಡೆಯ ಚಿತ್ತಾರ ಮುಂದಿನ ಸಾರಣೆಯವರೆಗೆ ಇರುತ್ತದೆ. ಉಳಿಯಲೆಂದು ಬರೆದದ್ದಲ್ಲದ ಈ ಎರಡು ಕಲೆಗಳೂ ಈಗ ಕಾಗದಕ್ಕೆ ಬಂದಿವೆ. ಬಂದ ಬಗೆ ಮಾತ್ರ ಬೇರೆ. ಮದರಂಗಿಯಿಂದ ಕಾಗದಕ್ಕೆ ದಾಟಿದ್ದು ಕೈಚಳಕವಷ್ಟೇ. ಚಿತ್ತಾರವಾದರೋ ಬಣ್ಣ, ಕುಂಚ, ವಿನ್ಯಾಸಗಳ ಸಮೇತ ಬಂತು.

ಸಾಗರ, ಹೊಸನಗರ, ಸೊರಬ ತಾಲ್ಲೂಕುಗಳಲ್ಲಿ ದೀವರ ಊರುಗಳು ಹೆಚ್ಚು. ತೀರ್ಥಹಳ್ಳಿ ಕಡೆಯವರಿಗೆ ಇವರು ಹಳೇಪೈಕರೆಂದೇ ಪರಿಚಿತರು. ಕುವೆಂಪು ಕಾದಂಬರಿಗಳನ್ನು ಓದಿದವರಿಗೂ ಆ ಹೆಸರು ಗೊತ್ತು. ಮದುವೆಯಲ್ಲಿ ವಧೂವರರು ಹಸೆಯ ಮೇಲೆ ಕೂರುವಾಗ ಅವರ ಬೆನ್ನ ಹಿಂದಿರುವ ಗೋಡೆಯೇ ಹಸೆಗೋಡೆ. ಅದರ ಮೇಲೆ ಬರೆಯುವವರು ಹೆಂಗಸರು. ಊರಿನಲ್ಲಿ ಕೈ ಪಳಗಿದ ಚಿತ್ತಾರಗಿತ್ತಿಯನ್ನು ಕರೆಸುತ್ತಾರೆ, ಉಳಿದವರು ಹಾಡು ಹೇಳುತ್ತ ಕೈಜೋಡಿಸುತ್ತಾರೆ.

ಬೇಕಾದ ಸಾಮಾನೆಲ್ಲ ಸುತ್ತಮುತ್ತಲೇ ಸಿಗುವಂಥದ್ದು. ಮೊದಲು ಗೋಡೆಗೆ ಕೆಮ್ಮಣ್ಣು ಬಳಿಯಬೇಕು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ. ಅಕ್ಕಿಯನ್ನೇ ಕರಕಲಾಗುವವರೆಗೆ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿ ನಾರಿನದು. ನೀರಿನಲ್ಲಿ ಕೊಳೆಸಿ ತೆಗೆದ ನಾರಿನ ಕೆಲವೇ ಎಳೆಗಳನ್ನು ಸೇರಿಸಿ ಕಟ್ಟಿದ ಈ ಕುಂಚ ಬಣ್ಣವನ್ನು ಉದ್ದಕ್ಕೂ ಹೀರಿಕೊಂಡು, ಎಳೆದಷ್ಟು ದೂರಕ್ಕೆ ಒಂದೇ ದಪ್ಪದ ಗೆರೆ ಬಿಡುತ್ತದೆ. ಹಸಿಯಿದ್ದಾಗ ಅಕ್ಕಿಹಿಟ್ಟಿನ ಗೆರೆ ಕಂಡೂ ಕಾಣದಂತಿರುತ್ತದೆ. ಒಣಗುತ್ತ ಬಂದಂತೆ ಕೆಂಪು ನೆಲದ ಮೇಲೆ ಬಿಳುಪು ಏಳುತ್ತದೆ. ಹಾಗಾಗಿ ಎಳೆಯುವಾಗ ಕಣ್ಣಿಗಿಂತ ಕೈಯನ್ನು ನಂಬಬೇಕು.

ಚಿತ್ತಾರದ ಮೂಲಧಾತು ಎಳೆ. ಜೊತೆಜೊತೆಯಾಗಿ ಓಡುವ ಎಳೆಗಳಿಂದ ಚೌಕಟ್ಟು, ಚೌಕಟ್ಟಿನೊಳಗೆ ನಿಲಿ, ನಿಲಿ ಕೊಚ್ಚು, ಪಪ್ಪಳಿ, ಜೋಗಿಜಡೆ ಎಂಬ ವಿನ್ಯಾಸಗಳು. ಅಡ್ಡ, ಉದ್ದ, ಓರೆ ಗೆರೆಗಳು ಒಂದನ್ನೊಂದು ದಾಟಿ ಹೆಣೆದುಕೊಳ್ಳುವ ರೀತಿ ನೋಡಿದರೆ, ಬಿದಿರಿನ ಬುಟ್ಟಿ, ಚಾಪೆ ಹೆಣೆಯುವ ಕೈಗಳಿಗೂ ಇದಕ್ಕೂ ನಂಟಿರಬೇಕು ಅನಿಸದೇ ಇರದು. ನಡುವೆ ಮದುಮಗ, ಮದುಮಗಳು ಬರುತ್ತಾರೆ, ಆದರೆ ಮುಖ ಮೂಗು ಯಾವುದೂ ಇಲ್ಲ. ತ್ರಿಕೋನ, ಕಡ್ಡಿಗಳಲ್ಲೇ ಮನುಷ್ಯರು. ತಲೆಗೆ ಬಾಸಿಂಗ, ಪಕ್ಕದಲ್ಲಿ ದಂಡಿಗೆ, ವಾದ್ಯದವರು, ಭತ್ತದ ಸಸಿ, ಹಕ್ಕಿ. ಅಲಂಕಾರಕ್ಕೆಂದು ಖಾಲಿ ಜಾಗ ತುಂಬುವ ಚಾಳಿ ಇದರಲ್ಲಿ ಕಡಿಮೆ. ಪ್ರತಿ ಎಳೆಗೂ ಒಂದು ಲೆಕ್ಕವಿದೆ.

ಗೋಡೆ ಬಿಟ್ಟು ಬೇರೆ ಮೈಗೆ ಹೋಗುವುದು ಚಿತ್ತಾರಕ್ಕೆ ಹೊಸದೂ ಅಲ್ಲ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಬಿದಿರಿನ ಬುಟ್ಟಿಗೆ ಸಗಣಿ ಮೆತ್ತಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಇದೇ ಎಳೆಗಳನ್ನು ಬರೆಯುತ್ತಾರೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿ ಬುಟ್ಟಿ. ಬಸುರಿ ಭೂಮಿಗೆ ಬಯಕೆಯ ಊಟ ಗದ್ದೆಗೆ ಹೋಗುವುದು ಇದರಲ್ಲೇ. ದುಂಡನೆಯ, ಏರುತಗ್ಗಿನ ಬುಟ್ಟಿಯ ಮೈಮೇಲೆ ನೇರ ಗೆರೆ ಎಳೆಯಬಲ್ಲವರಿಗೆ ಕಾಗದ ದೊಡ್ಡ ಸವಾಲೇನಲ್ಲ.

ಕಾಗದ ಬೇಕಾದದ್ದು ಗೋಡೆ ಕೈತಪ್ಪಿದ್ದರಿಂದ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಊರೂರೇ ಮುಳುಗಿದವು. ಮಣ್ಣಿನ ಮನೆಗಳೂ ಹೋದವು. ಉಳಿದ ಕಡೆ ಗೋಡೆ ಬದಲಾದದ್ದು ಒಳ್ಳೆಯ ಕಾರಣಕ್ಕೇ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಹೋರಾಡಿದ ಗೇಣಿದಾರರಲ್ಲಿ ಹೆಚ್ಚಿನವರು ದೀವರು. 1974ರ ಭೂಸುಧಾರಣೆಯ ನಂತರ ಗೇಣಿಯ ಗದ್ದೆ ಸ್ವಂತದ್ದಾಯಿತು, ಕೈಯಲ್ಲಿ ನಾಲ್ಕು ಕಾಸು ಓಡಾಡಿತು, ಮಣ್ಣಿನ ಗೋಡೆಯ ಜಾಗಕ್ಕೆ ಇಟ್ಟಿಗೆ, ಸಿಮೆಂಟು, ಡಿಸ್ಟೆಂಪರು ಬಂದವು. ನುಣುಪಾದ ಡಿಸ್ಟೆಂಪರಿನ ಮೇಲೆ ಅಕ್ಕಿಹಿಟ್ಟು ಕೂರದು. ಮದುವೆಗಳೂ ಕಲ್ಯಾಣ ಮಂಟಪಕ್ಕೆ ಹೋದವು.

ಬೇರೆಡೆ ಇಂಥ ಬದಲಾವಣೆಯನ್ನು ಸರ್ಕಾರವೇ ಹೊತ್ತು ತಂದದ್ದುಂಟು. 1960ರ ದಶಕದ ಬಿಹಾರದ ಬರಗಾಲದಲ್ಲಿ ಮಿಥಿಲೆಯ ಹೆಂಗಸರಿಗೆ ದುಡಿಮೆಯಾಗಲಿ ಎಂದು ಅಖಿಲ ಭಾರತ ಕರಕುಶಲ ಮಂಡಳಿ ಭಾಸ್ಕರ ಕುಲಕರ್ಣಿ ಅವರ ಕೈಯಲ್ಲಿ ಕಾಗದ ಕಳಿಸಿತು. ಮಧುಬನಿ ಕಲೆ ಪೇಟೆಗೆ ಬಂದದ್ದು ಹಾಗೆ. ಚಿತ್ತಾರಕ್ಕೆ ಅಂಥ ಒಂದೇ ಗಳಿಗೆಯನ್ನು ಬೊಟ್ಟು ಮಾಡಿ ತೋರಿಸಲಾಗದು. ಮೇಳ, ಶಿಬಿರ, ಪ್ರದರ್ಶನಗಳ ಜೊತೆ ಅದು ನಿಧಾನಕ್ಕೆ ಹಾಳೆಗೆ ಬಂತು.

ಹಾಳೆಯ ಮೇಲೆ ಮೊದಲ ತೊಡಕು ಅಂಟಿನದು. ಬರೀ ಅಕ್ಕಿಹಿಟ್ಟು ಹಾಳೆ ಸುತ್ತಿದರೆ ಪುಡಿಪುಡಿಯಾಗಿ ಉದುರುತ್ತದೆ, ಹುಳವೂ ಬೀಳುತ್ತದೆ. ಆದ್ದರಿಂದ ಬಣ್ಣಕ್ಕೆ ಗೋಂದು ಸೇರಿತು. ಸೋಸಿದ ಕೆಮ್ಮಣ್ಣನ್ನು ಅಂಟಿನಲ್ಲಿ ಕಲಸಿ ಕೈಕಾಗದ, ಬಟ್ಟೆಗಳಿಗೆ ಬಳಿದು ಗೋಡೆಯನ್ನೇ ಸಣ್ಣದಾಗಿ ಮಾಡಿಕೊಂಡದ್ದಾಯಿತು. ಆತುರದವರು ಅಕ್ರಿಲಿಕ್‌ಗೂ ಹೋದರು. ಅದರ ಬಿಳುಪು ತೀರಾ ಕಣ್ಣಿಗೆ ಹೊಡೆಯುತ್ತದೆ, ಅಕ್ಕಿಯ ಮೆದು ಬಿಳುಪು ಅಲ್ಲಿಲ್ಲ. ಗೋಡೆಯ ಮೇಲೆ ಭುಜದಿಂದ ಬೀಸುತ್ತಿದ್ದ ಗೆರೆ ಹಾಳೆಯಲ್ಲಿ ಮಣಿಕಟ್ಟಿಗೆ ಇಳಿದು, ಎಳೆಗಳು ಇನ್ನಷ್ಟು ತೆಳುವಾಗಿ ಒತ್ತೊತ್ತಾದವು.

ಮದರಂಗಿಯ ತೊಡಕು ರಸಾಯನದ್ದು. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಚರ್ಮ, ಉಗುರು, ಕೂದಲಿನ ಕೆರಾಟಿನ್ ಜೊತೆ ಬೆಸೆದುಕೊಳ್ಳುತ್ತದೆ. ಅದಕ್ಕೇ ಬಿಡಿಸಿದ ದಿನ ಕಿತ್ತಳೆಯಾಗಿದ್ದ ಅಂಗೈ ಒಂದೆರಡು ದಿನದಲ್ಲಿ ಕಡುಗೆಂಪಾಗುತ್ತದೆ. ಕಾಗದದಲ್ಲಿ ಕೆರಾಟಿನ್ ಇಲ್ಲ. ಒಣಗಿದ ಮದರಂಗಿ ಉದುರಿ ಮಾಸಲು ಕಂದು ಕಲೆಯಷ್ಟೇ ಉಳಿಯುತ್ತದೆ, ತೇವಕ್ಕೆ ಹಾಳೆ ಸುಕ್ಕಾಗುತ್ತದೆ. ಆದ್ದರಿಂದ ಕಾಗದದ ಮೇಲೆ ಬರೆಯುವವರು ಮದರಂಗಿ ಹಿಂಡುವ ಕೋನನ್ನು ಇಟ್ಟುಕೊಂಡು ಮದರಂಗಿಯನ್ನು ಬಿಟ್ಟರು. ಕೋನಿಗೆ ಗಟ್ಟಿ ಅಕ್ರಿಲಿಕ್ ತುಂಬಿ, 300 ಜಿಎಸ್‌ಎಂನ ದಪ್ಪ ಹಾಳೆಯ ಮೇಲೆ ಒಂದೇ ಒತ್ತಡದಲ್ಲಿ ಹಿಂಡಿದರೆ ಬೆರಳಿಗೆ ತಾಕುವ ಉಬ್ಬುಗೆರೆ ಬರುತ್ತದೆ. ಬಳ್ಳಿ, ಮಾವಿನಕಾಯಿ, ಚುಕ್ಕಿಗಳಿಗೆ ಇದು ಚೆನ್ನ. ಚಿತ್ತಾರದ ನೇರ ಎಳೆಗೆ ಕೋನು ಹೊಂದದು: ಕೈ ನಿಂತಲ್ಲೆಲ್ಲ ಗೆರೆ ಗಂಟು ಕಟ್ಟುತ್ತದೆ.

ಕಾಗದ ತಂದ ಇನ್ನೊಂದು ಬದಲಾವಣೆ ಸಹಿ. ಹಸೆಗೋಡೆಯ ಮೂಲೆಯಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಹಾಳೆ ಮಾರಾಟಕ್ಕೆ ಹೋಗಬೇಕಾದರೆ ಹೆಸರು ಬೇಕು. ಹೆಂಗಸರ ಕೈಕೆಲಸವಾಗಿದ್ದದ್ದಕ್ಕೆ ಗಂಡಸರೂ ಬಂದರು. ಸಾಗರ ತಾಲ್ಲೂಕಿನ ಸಿರಿವಂತೆಯ ಚಂದ್ರಶೇಖರ್, ಹಸುವಂತೆಯ ಈಶ್ವರ ನಾಯ್ಕ ಚಿತ್ತಾರದಿಂದಲೇ ಹೆಸರಾದವರು. ಹತ್ತಾರು ಕೈ ಸೇರುತ್ತಿದ್ದ ಚಿತ್ರಕ್ಕೆ ಒಬ್ಬರ ಹೆಸರು ಬಿದ್ದಾಗ, ಕಲಿಸಿದ ಅಜ್ಜಿ ಅತ್ತೆಯರು ಹಿಂದೆ ಸರಿದರೆಂಬ ಮಾತಿನಲ್ಲಿ ಹುರುಳಿದೆ. ಹಾಗೆಂದು, ಹೊಸ ಹುಡುಗಿಯರು ಪುಂಡಿ ನಾರು ಹಿಡಿಯಲು ಈ ಪೇಟೆಯೂ ಒಂದು ಕಾರಣ. ಇತ್ತ ಮಂಟಪದ ಮದುವೆಗಳಲ್ಲಿ ಹಸೆಯ ಹಿಂದೆ ಅಂಟಿಸಲು ಕಾಗದದ ಮೇಲೆ ಬರೆದ ಚಿತ್ತಾರವೇ ಬರುತ್ತಿದೆ. ಮದುವೆ ಮುಗಿದ ಮೇಲೆ ಬಿಚ್ಚಿ ಮನೆಗೆ ಒಯ್ಯಬಹುದು.